ದೊರೆಗಳನ್ನು ಊಟಕ್ಕೆ ಕರೆಯುವ ಅಂಗಳ

ಎದುರು ಮನೆಯ ಅಕ್ಕ ದಿನಾ ಸಂಜೆ ದೊರೆಗಳನ್ನು ಊಟಕ್ಕೆ ಕರೆಯುತ್ತಾಳೆ. ಅಡುಗೆಮನೆಯ ಕಿಟಕಿ ತೆಗೆದು, ಅರ್ಧ ಮೈ ಹೊರಗೆ ಚಾಚಿ, ಕೆಳಗಿನ ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗುತ್ತಾಳೆ. "ಸಾರ್ಗೋನ್! ಏ ಸಾರ್ಗೋನ್! ಊಟಕ್ಕೆ ಬಾ!" ಮರಳಿನಲ್ಲಿ ಆಡುತ್ತಿರುವ ಮೊಮ್ಮಗ ಮೊದಲ ಕೂಗಿಗೆ ತಲೆ ಎತ್ತುವುದಿಲ್ಲ. ಮತ್ತೆ ಕೂಗಿದರೆ ಸ್ವೀಡಿಷ್‌ನಲ್ಲಿ ಇನ್ನೊಂಚೂರು ಆಡುತ್ತೇನೆ ಅನ್ನುತ್ತಾನೆ. ಆಮೇಲೆ ಅಕ್ಕನ ದನಿ ಬದಲಾಗುತ್ತದೆ, ದೊರೆ ಎದ್ದು ಮೈ ಕೊಡವಿಕೊಂಡು ಒಳಗೆ ಬರುತ್ತಾನೆ.

ಸ್ವೀಡನ್ನಿನ ಸೊಲ್ಲೆಂಟುನಾದ ಈ ಕಟ್ಟಡಕ್ಕೆ ನಾವು ಬಂದ ಹೊಸತರಲ್ಲಿ ಈ ಹೆಸರಿಂದ ಕೂಗಿಸಿಕೊಂಡವನು ಅಕ್ಕನ ಕಿರಿಯ ಮಗ. ಅವನು ದೊಡ್ಡವನಾಗಿ ಮನೆ ಬಿಟ್ಟ ಮೇಲೆ ಅವನ ಅಣ್ಣನಿಗೆ ಮಗ ಹುಟ್ಟಿದ. ಚಿಕ್ಕಪ್ಪನ ಹೆಸರನ್ನೇ ಇಟ್ಟರು. ಹೀಗಾಗಿ ಅಂಗಳದಲ್ಲಿ ಆ ಕೂಗು ನಿಂತದ್ದೇ ಇಲ್ಲ.

ಮೊದಲ ಸಲ ಅದನ್ನು ಕೇಳಿದಾಗ ಇವರು, ಅಂದರೆ ನನ್ನ ಯಜಮಾನರು, ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟರು.

"ಕೇಳಿದೇನ? ಸಾರ್ಗೋನ್ ಅಂದ್ರ ಯಾರು ಗೊತ್ತದ ಏನು?"

"ಆ ಎದುರು ಮನಿಯಾಕಿ ಮಗ."

"ಅಲ್ಲ ಮಾರಾಯ್ತಿ. ನಾಕು ಸಾವಿರ ವರ್ಷದ ಹಿಂದಿನ ಚಕ್ರವರ್ತಿ. ಅಕ್ಕಾಡ್ ಅನ್ನೋ ರಾಜ್ಯಾ ಕಟ್ಟಿದಾಂವ. ಅಂಥಾವಂಗ ಜಾಕೀಟಿನ ಚೈನು ಎಳಕೋ ಅಂತ ಬೈಲಿಕ್ಕತ್ತಾಳ ನೋಡು."

ಹೈಸ್ಕೂಲಿನ ಇತಿಹಾಸದ ಪಾಠದಲ್ಲಿ ಓದಿದ್ದು ಅಷ್ಟೇ ಇವರಿಗೆ ನೆನಪಿದ್ದದ್ದು. ಆದರೆ ಅವತ್ತಿನಿಂದ ಇವರಿಗೆ ಆ ದೊರೆಗಳ ಹುಚ್ಚು ಹಿಡಿಯಿತು. ಹತ್ತಿರದ ಕಿಸ್ತಾದಲ್ಲಿ ಫೋನಿನ ಯಂತ್ರಗಳನ್ನು ಪರೀಕ್ಷೆ ಮಾಡುವ ಕೆಲಸ ಇವರದು. ಕೆಲಸದಿಂದ ಬರುವಾಗ ಗ್ರಂಥಾಲಯಕ್ಕೆ ಹೋಗಿ ಚಿತ್ರ ಇರುವ ದಪ್ಪ ಪುಸ್ತಕಗಳನ್ನು ತರುತ್ತಿದ್ದರು. ನಾನು ರೊಟ್ಟಿ ಬಡಿಯುತ್ತಿರುವಾಗ ಅಡುಗೆಮನೆಯ ಕುರ್ಚಿಯ ಮೇಲೆ ಕೂತು ಓದಿದ್ದನ್ನು ಹೇಳುತ್ತಿದ್ದರು. ನಾನು ಪಿಯುಸಿ ತನಕ ಓದಿದವಳು. ಇಲ್ಲಿ ಕೊಮ್ಮೂನಿನ, ಅಂದರೆ ನಗರಸಭೆಯ, ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಅಸಿರಿಯಾ, ಅಕ್ಕಾಡ್ ಎಂಬ ಹೆಸರುಗಳು ನನಗೆ ಬಂದದ್ದು ಹೀಗೆ, ಜೋಳದ ಹಿಟ್ಟಿನ ಜೊತೆ.

ಸಾರ್ಗೋನನ ಕಥೆ ಹೇಳಿದ್ದು ನೆನಪಿದೆ. ಅವನ ತಾಯಿ ಗುಟ್ಟಾಗಿ ಹೆತ್ತು, ಜೊಂಡಿನ ಬುಟ್ಟಿಗೆ ಟಾರು ಮೆತ್ತಿ, ಮಗುವನ್ನು ಅದರಲ್ಲಿಟ್ಟು ಹೊಳೆಗೆ ಬಿಟ್ಟಳಂತೆ. ನೀರು ಸೇದುವವನೊಬ್ಬ ಎತ್ತಿಕೊಂಡು ಸಾಕಿದನಂತೆ. ನಾನು "ಕರ್ಣನ ಕಥೀನೇ ಅಲ್ಲೇನ್ರಿ ಇದು" ಎಂದೆ. ಇವರು ಮೊಣಕಾಲು ತಟ್ಟಿಕೊಂಡು ನಕ್ಕರು. "ಹೌದ ಹೌದು. ಆದ್ರ ಕರ್ಣಗ ಕಡೀತನಕಾ ಸಿಗಲಾರದ ಚಕ್ರವರ್ತಿ ಗಾದಿ ಇವಂಗ ಸಿಕ್ತು." ನೀರು ಸೇದುವವನ ಹೆಸರು ಅಕ್ಕಿ ಎಂದು ಪುಸ್ತಕದಲ್ಲಿ ಇತ್ತು. ಆಗಿನ್ನೂ ಸಣ್ಣವಳಿದ್ದ ನಮ್ಮ ಮಗಳು ಅದನ್ನು ಕೇಳಿ ಡಬ್ಬಿಯೊಳಗಿನ ಅಕ್ಕಿಗೆ ನಮಸ್ಕಾರ ಮಾಡಿದ್ದಳು.

ಆ ಸಾರ್ಗೋನನ ಕಾಲ ಕಳೆದು ಬಹಳ ಶತಮಾನಗಳ ಮೇಲೆ, ಅದೇ ಸೀಮೆಯ ಉತ್ತರದಲ್ಲಿ ಅಸಿರಿಯಾದ ದೊರೆಗಳು ಬಂದರು. ಅವರೂ ಇವನ ಹೆಸರನ್ನು ಮರೆಯಲಿಲ್ಲ, ಒಬ್ಬ ತಾನೇ ಅದನ್ನು ಇಟ್ಟುಕೊಂಡ. ಅವನ ಮಗ ಸೆನ್ನಾಕೆರಿಬ್. ಗುಡ್ಡಗಳಿಂದ ಕಾಲುವೆ ತೋಡಿಸಿ, ನಡುವೆ ಕಣಿವೆ ಅಡ್ಡ ಬಂದರೆ ಅದರ ಮೇಲೆ ಕಲ್ಲಿನ ಸೇತುವೆ ಕಟ್ಟಿಸಿ, ಸೇತುವೆಯ ಮೇಲೆ ನೀರು ಹರಿಸಿ ನಿನೆವೆ ಎಂಬ ತನ್ನ ಊರಿಗೆ ತಂದವನು. ಇವರಿಗೆ ಎಲ್ಲರಿಗಿಂತ ಅವನೇ ಮೆಚ್ಚು. "ಯುದ್ಧಾ ಎಲ್ಲಾರೂ ಮಾಡ್ತಾರ. ಗಿಡಕ್ಕ ನೀರು ತರಬೇಕು ಅಂತ ಗುಡ್ಡಾ ಕಡದಾಂವ ದೊರಿ" ಎನ್ನುತ್ತಿದ್ದರು. ಅವನ ಮೊಮ್ಮಗ ಅಶ್ಶೂರ್‌ಬನಿಪಾಲ್ ಸಿಂಹದ ಬೇಟೆಗೆ ಹೋಗುವಾಗಲೂ ಬರೆಯುವ ಕಡ್ಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವನು. ದೇಶದ ಮೂಲೆ ಮೂಲೆಯಿಂದ ಮಣ್ಣಿನ ಹಲಗೆಗಳ ಮೇಲಿನ ಬರಹಗಳನ್ನು ತರಿಸಿ ಅರಮನೆಯಲ್ಲಿ ಕೂಡಿಸಿಟ್ಟ. ಮುಂದೆ ವೈರಿಗಳು ಅರಮನೆಗೆ ಬೆಂಕಿ ಇಟ್ಟರು. ಬಟ್ಟೆ, ಮರ, ಎಲ್ಲ ಸುಟ್ಟುಹೋಯಿತು. ಮಣ್ಣಿನ ಹಲಗೆಗಳು ಮಾತ್ರ ಕುಂಬಾರನ ಆವಿಗೆಯಲ್ಲಿ ಬೆಂದ ಹಾಗೆ ಬೆಂದು ಗಟ್ಟಿಯಾದವು. ನಾನು ಹಂಚಿನ ಮೇಲೆ ರೊಟ್ಟಿ ತಿರುವಿ ಹಾಕುತ್ತಿದ್ದೆ. ಬೆಂಕಿಗೆ ಬಿದ್ದೇ ಉಳಿದವು ಎಂಬುದನ್ನು ಕೇಳಿ ಕೈ ನಿಂತಿತು, ರೊಟ್ಟಿ ಹೊತ್ತಿತು.

ಎದುರು ಮನೆಯ ಅಕ್ಕನಿಗೆ ಇವರ ಹುಚ್ಚು ಬಹಳ ಇಷ್ಟ. ಅವಳು ಟರ್ಕಿಯ ಒಂದು ಮೂಲೆಯ ಹಳ್ಳಿಯಿಂದ ಮದುವೆಯಾದ ಹೊಸತರಲ್ಲಿ ಇಲ್ಲಿಗೆ ಬಂದವಳು. ತಮ್ಮನ್ನು ಅಸಿರಿಯನ್ನರು ಎಂದು ಕರೆದುಕೊಳ್ಳುವ ಜನ ಅವರು. ಈಗ ಕ್ರೈಸ್ತರು. ತಮ್ಮದು ಎನ್ನುವ ದೇಶ ಯಾವ ನಕ್ಷೆಯಲ್ಲೂ ಇಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಕಪ್ಪು ಬಟ್ಟೆ ಬಿಟ್ಟು ಬೇರೆ ಉಟ್ಟಿಲ್ಲ. ಅವಳ ಸ್ವೀಡಿಷ್ ಮುರುಕು, ನನ್ನದು ಇನ್ನೂ ಮುರುಕು. ಹಾಗಾಗಿ ನಮ್ಮಿಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನು ಅವಳಿಗೆ ಅಕ್ಕ ಎನ್ನುವ ಶಬ್ದ ಕಲಿಸಿದೆ. ಅವಳು ತನ್ನ ಭಾಷೆಯಲ್ಲಿ ನನ್ನನ್ನು ತಂಗಿ ಎನ್ನುತ್ತಾಳೆ.

ಒಮ್ಮೆ ಇವರು ಅವಳನ್ನು ಕೇಳಿದರು, "ನಿಮ್ಮ ದೊರೆಗಳು ಗೆದ್ದ ಊರಿನವರನ್ನೆಲ್ಲ ಕಿತ್ತು ಬೇರೆ ದೇಶಕ್ಕೆ ಸಾಗಿಸುತ್ತಿದ್ದರಂತಲ್ಲ?"

"ಹೌದು. ಕಿತ್ತು ಕಿತ್ತು ನೆಟ್ಟರು" ಎಂದಳು ಅಕ್ಕ. "ದೇವರು ಮರೆಯಲಿಲ್ಲ. ಈಗ ನಮ್ಮನ್ನು ಕಿತ್ತು ಇಲ್ಲಿ ನೆಟ್ಟಿದ್ದಾನೆ. ಅದೂ ಹಿಮದಲ್ಲಿ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಇವರು ನನ್ನನ್ನು ಒಂದು ಭಾನುವಾರ ಪಟ್ಟಣದ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಅಸಿರಿಯಾದ ಅರಮನೆಯ ಗೋಡೆಗೆ ಹೊದಿಸಿದ್ದ ಕಲ್ಲಿನ ಚಪ್ಪಡಿ ಒಂದನ್ನು ನಿಲ್ಲಿಸಿದ್ದರು. ರೆಕ್ಕೆ ಇರುವ ಒಂದು ದೇವತೆ, ಕೈಯಲ್ಲಿ ನೀರಿನ ಸಣ್ಣ ಬಕೆಟ್ಟು. ಮೀನಖಂಡದ ಸ್ನಾಯುಗಳನ್ನು ಎಷ್ಟು ಚಂದ ಕೆತ್ತಿದ್ದರೆಂದರೆ ಆ ಕಾಲು ಈಗ ಹೆಜ್ಜೆ ಎತ್ತಿ ಇಡುತ್ತದೆ ಅನ್ನಿಸುತ್ತಿತ್ತು. ಆದರೆ ದೇವತೆಯ ಮೈಮೇಲೆ, ಬಟ್ಟೆಯ ಮೇಲೆ, ಬಕೆಟ್ಟಿನ ಮೇಲೆ, ಎಲ್ಲ ಕಡೆ ಮೊಳೆಯಂಥ ಅಕ್ಷರಗಳ ಸಾಲು ಹಾದುಹೋಗಿತ್ತು.

"ಇಷ್ಟು ಚಂದ ಕೆತ್ತಿ ಮ್ಯಾಲೆ ಯಾಕ ಗೀಚ್ಯಾರ್ರಿ?"

"ಗೀಚಿಲ್ಲ, ದೊರಿ ಹೆಸರು. ಅರಮನ್ಯಾಗಿನ ಪ್ರತಿ ಚಪ್ಪಡಿ ಮ್ಯಾಲೂ ಇದ ಬರಹ ಅಂತ. ಇಟ್ಟಂಗಿ ಮ್ಯಾಲೂ ಹಾಕಿಸ್ತಿದ್ರಂತ, ಗ್ವಾಡಿ ಒಳಗ ಹೋಗಿ ಯಾರಿಗೂ ಕಾಣಲಾರದ ಇಟ್ಟಂಗಿಗೂ."

ಯಾರೂ ನೋಡದ ಇಟ್ಟಿಗೆಯ ಮೇಲೆ ಹೆಸರು. ನನಗೆ ಅದು ಜಂಬ ಅನ್ನಿಸಲಿಲ್ಲ. ಎಂದೋ ಒಂದು ದಿನ ಗೋಡೆ ಬೀಳುತ್ತದೆ, ಆಗ ಯಾರಾದರೂ ಓದಲಿ ಎಂದು ಇಟ್ಟದ್ದು. ಆ ದೊರೆಗೆ ತನ್ನ ಗೋಡೆ ಬೀಳುವುದು ಗೊತ್ತಿತ್ತು. ಹಳೆಯ ಗೋಡೆಯಲ್ಲಿ ಹಿಂದಿನವನ ಹೆಸರು ಸಿಕ್ಕರೆ ಅದಕ್ಕೆ ಎಣ್ಣೆ ಹಚ್ಚಿ, ನೈವೇದ್ಯ ಮಾಡಿ, ಇದ್ದಲ್ಲೇ ಇಡಬೇಕು ಎಂದು ಮುಂದಿನ ದೊರೆಗಳಿಗೆ ಬರೆದಿಡುತ್ತಿದ್ದರಂತೆ. ಅಳಿಸಿದವನಿಗೆ ಶಾಪ. ನಮ್ಮ ಗದಗ ಸೀಮೆಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ನಮ್ಮ ಓಣಿಯ ಗುಡಿಯ ಮುಂದಿನ ಶಾಸನದ ಕಲ್ಲಿನಲ್ಲೂ ಮೇಲೆ ಸೂರ್ಯ ಚಂದ್ರ, ಆಕಳು ಕರು, ಕೆಳಗೆ ಕೆಡಿಸಿದವನಿಗೆ ಶಾಪ. ನಾವು ಆ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು ತಿಂದು ಬೆಳೆದವರು.

ಇನ್ನೊಂದು ಮಾತು ಹೇಳದೆ ಮುಂದಿನದು ತಿಳಿಯುವುದಿಲ್ಲ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಇವರು ಬಾಲ್ಕನಿಯಲ್ಲಿ ತಟ್ಟೆ ಇಟ್ಟುಕೊಂಡು ತೀರಿಹೋದ ತಮ್ಮ ಹಿರಿಯರಿಗೆ ತರ್ಪಣ ಬಿಡುತ್ತಿದ್ದರು. ಹೊರಗೆ ಬರ್ಚ್ ಮರದ ಎಲೆ ಉದುರುತ್ತಿರುತ್ತಿತ್ತು. ಇವರು ಸ್ವೆಟರಿನ ಮೇಲೆ ಪಂಚೆ ಉಟ್ಟು, ಅಪ್ಪನ ಹೆಸರು, ಅಜ್ಜನ ಹೆಸರು, ಮುತ್ತಜ್ಜನ ಹೆಸರು ಹೇಳಿ ಎಳ್ಳು ನೀರು ಬಿಡುತ್ತಿದ್ದರು. ಒಂದು ವರ್ಷ ಒಳಗೆ ಬಂದು ಕೈ ಒರೆಸಿಕೊಳ್ಳುತ್ತ ಹೇಳಿದರು.

"ನಿನೆವೆ ದೊರೀನೂ ಇದ ಮಾಡ್ತಿದ್ದಾ ನೋಡು. ತೀರಿಹೋದ ಹಿರ್ಯಾರಿಗೆ ಹೆಸರು ಹಿಡದು ಕರದು, ನೀರು ಬಿಟ್ಟು, ಊಟಾ ಇಡೋದು. ಅದಕ್ಕಂತನ ಮನ್ಯಾಗ ಒಬ್ಬಾಂವ ಇರಬೇಕಿತ್ತಂತ. ಹೆಸರು ಹೇಳಾಂವ, ನೀರು ಬಿಡಾಂವ."

"ಇರಲಿಲ್ಲಂದ್ರ?"

"ಸತ್ತಾಂವ ಹಸಗೊಂಡು ತಿರಗತಾನ ಅಂತ ನಂಬಿದ್ರು. ಅವರ ದೊಡ್ಡ ಶಾಪ ಅದ. ನಿನಗ ನೀರು ಬಿಡಾಂವ ಇಲ್ಲದಂಗ ಆಗಲಿ ಅನ್ನೋದು." ತರ್ಪಣದ ತಟ್ಟೆ ಒರೆಸಿಡುತ್ತ ಮುಂದುವರಿಸಿದರು. "ಅಷ್ಟು ಬರಹಾ ಕೂಡಿಸಿದ ಅಶ್ಶೂರ್‌ಬನಿಪಾಲ್ ಅದನಲ್ಲಾ, ಸೋತ ರಾಜ್ಯದ ಹಳೇ ಅರಸರ ಗೋರಿ ಅಗಿಸಿ ಎಲುಬು ಹೊತ್ತಗೊಂಡು ಬಂದ. ಅವರಿಗೆ ಯಾರೂ ನೀರು ಬಿಡಬಾರದು ಅಂತ. ಶಾಣ್ಯಾರ ಸಿಟ್ಟು ಭಾಳ ಕೆಟ್ಟದ್ದು."

ಅವತ್ತಿನ ಊಟಕ್ಕೆ ಗೋಧಿ ಹುಗ್ಗಿ ಮಾಡಿದ್ದೆ. ಇಬ್ಬರೂ ಆ ಮಾತು ಅಲ್ಲಿಗೇ ಬಿಟ್ಟೆವು.

ಹೋದ ವರ್ಷ ಮೇ ತಿಂಗಳಲ್ಲಿ ಇವರು ತೀರಿಕೊಂಡರು. ಎದೆನೋವು ಎಂದು ಆಫೀಸಿನಿಂದ ಆಸ್ಪತ್ರೆಗೆ ಹೋದವರು ಮನೆಗೆ ಮರಳಲಿಲ್ಲ. ನಾನು ಹೋಗಿ ನಿಂತಾಗ ನರ್ಸು ಬಹಳ ಮೆತ್ತಗೆ ನನ್ನ ಗಂಡನ ಹೆಸರು ಕೇಳಿದಳು. ಇವರದೇ ಕೋಣೆಗೆ ನನ್ನನ್ನು ಕರೆದುಕೊಂಡು ಹೋಗಬೇಕಾಗಿತ್ತು, ಅಷ್ಟೇ. ಆಫೀಸಿನವರು ನನ್ನ ಕೈಗೆ ಕೊಟ್ಟಿದ್ದ ಇವರ ಐಡಿ ಕಾರ್ಡು ತೋರಿಸಿದೆ. ಆಘಾತದಿಂದ ಮಾತು ಬರುತ್ತಿಲ್ಲ ಎಂದುಕೊಂಡು ಅವಳು ನನ್ನ ಭುಜ ಹಿಡಿದಳು. ಮಾತು ಬರುತ್ತಿತ್ತು. ಹೆಸರು ಬರುತ್ತಿರಲಿಲ್ಲ.

ಗಂಡನ ಹೆಸರನ್ನು ಬಾಯಿಂದ ಹೇಳಬಾರದು ಎಂದು ನಮ್ಮ ಮನೆಯಲ್ಲಿ ಯಾರೂ ನನಗೆ ಕಲಿಸಲಿಲ್ಲ. ಅವ್ವ ಹೇಳುತ್ತಿರಲಿಲ್ಲ, ಅಜ್ಜಿ ಹೇಳುತ್ತಿರಲಿಲ್ಲ, ನಾನೂ ಹೇಳಲಿಲ್ಲ. ಕರೆಯುವಾಗ "ಇಲ್ಲೆ ಬರ್ರಿ" ಎಂದರೆ ಸಾಕಾಗುತ್ತಿತ್ತು. ಬೇರೆಯವರಿಗೆ "ಇವರು", "ನಮ್ಮನಿಯವರು". ಮಗಳು ಹುಟ್ಟಿದ ಮೇಲೆ "ನಿಮ್ಮ ಪಪ್ಪಾ". ಇಲ್ಲಿನ ಬೆಂಗಳೂರು ಕಡೆಯ ಹುಡುಗಿಯರು ಗಂಡಂದಿರನ್ನು ಹೆಸರು ಹಿಡಿದು ಕರೆಯುವುದನ್ನು ಕೇಳಿ ನನಗೆ ತಪ್ಪು ಅನ್ನಿಸಿಲ್ಲ, ಚಂದವೇ ಕಾಣುತ್ತದೆ. ನನ್ನ ನಾಲಿಗೆಗೆ ಮಾತ್ರ ಅದು ಬರುವುದಿಲ್ಲ.

ಅಲ್ಲಿಯ ತನಕ ಒಂದೇ ಸಲ ಹೇಳಿದ್ದೆ. ಮದುವೆಯಾಗಿ ಮನೆ ತುಂಬಿಸಿಕೊಳ್ಳುವ ದಿನ ನಾದಿನಿ ಹೊಸ್ತಿಲಿಗೆ ಅಡ್ಡ ನಿಂತಿದ್ದಳು. ನಮ್ಮ ಕಡೆ ಹಾಗೆ ನಿಂತರೆ ಒಡಪು ಹೇಳಬೇಕು, ಪ್ರಾಸ ಕಟ್ಟಿದ ಎರಡು ಸಾಲು ಹೇಳಿ, ಅದರ ತುದಿಗೆ ಗಂಡನ ಹೆಸರು ಜೋಡಿಸಬೇಕು. ಅವ್ವ ಕಲಿಸಿ ಕಳಿಸಿದ್ದನ್ನು ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದೆ.

"ಕೇಳಸ್ಲಿಲ್ಲ" ಎಂದಳು ನಾದಿನಿ. "ನಮ್ಮಣ್ಣನ ಹೆಸರು ಅಷ್ಟು ಸಣ್ಣದೇನು? ಓಣಿಗೆ ಕೇಳಬೇಕು."

"ಬಿಡವಾ ಸಾಕು, ಅಕೀ ಕಾಲು ನೋಯ್ತಾವ" ಎಂದು ಇವರು ಹಿಂದಿನಿಂದ ಹೇಳಿದರು. ಎಲ್ಲರೂ ನಕ್ಕರು. ನಾನು ಒಳಗೆ ಹೋದೆ.

ಇವರು ಹೋದ ಮರುದಿನ ಎದುರು ಮನೆಯ ಅಕ್ಕ ಸಕ್ಕರೆ ಇಲ್ಲದ ಕಪ್ಪು ಕಾಫಿಯನ್ನು ಫ್ಲಾಸ್ಕಿನಲ್ಲಿ ತುಂಬಿಕೊಂಡು ಬಂದಳು. ಸಾವಿನ ಮನೆಯಲ್ಲಿ ಅವರು ಕುಡಿಯುವುದು ಅದನ್ನೇ. ಒಲೆ ಹಚ್ಚಬೇಡ ಎಂದು ನನ್ನನ್ನು ಕೂರಿಸಿ, ಗೋಧಿ ನುಚ್ಚಿನ ಅನ್ನ, ಮಾಂಸ ಸೋಕದ ಪಾತ್ರೆಯಲ್ಲಿ ಮಾಡಿದ್ದು ಎಂದು ಪ್ರಮಾಣ ಮಾಡಿ ಮುಂದಿಟ್ಟಳು. ನಾನು ಬೇಡ ಎಂದೆ. ಆಗ ಇವರು ಹೇಳಿದ್ದ ಇನ್ನೊಬ್ಬ ದೊರೆ ನೆನಪಾದ. ಎಸರ್‌ಹದ್ದೋನ್, ಸೆನ್ನಾಕೆರಿಬನ ಮಗ. ರಾಣಿ ತೀರಿಕೊಂಡಾಗ ಅವಳಿಗಾಗಿ ಸಮಾಧಿ ಕಟ್ಟಿಸಿದವನು. ಮೈಯಲ್ಲಿ ಸುಖವಿಲ್ಲದೆ, ಮನಸ್ಸಿನಲ್ಲಿ ಸುಖವಿಲ್ಲದೆ ಊಟ ಬಿಟ್ಟು ಕೂತಾಗ ಅವನ ಪಂಡಿತರು ಹೆದರದೆ ಅವನಿಗೆ ಬರೆದರಂತೆ, ಉಣ್ಣದೆ ಕೂತರೆ ರೋಗ ಹೆಚ್ಚುತ್ತದೆ, ದೊರೆಗಳು ರೊಟ್ಟಿ ತಿನ್ನಬೇಕು ಎಂದು. ನಾನು ಸಿಟ್ಟು ಮಾಡಿಕೊಂಡು ಊಟ ಬಿಟ್ಟಾಗೆಲ್ಲ ಇವರು ಬಾಗಿಲಲ್ಲಿ ನಿಂತು "ದೊರೆಗಳು ರೊಟ್ಟಿ ತಿನ್ನಬೇಕು" ಎನ್ನುತ್ತಿದ್ದರು. ಅರ್ಧ ಜಗತ್ತನ್ನು ಆಳಿದವನಿಗೂ ಊಟ ಮಾಡು ಎಂದು ಯಾರೋ ಹೇಳಬೇಕಾಯಿತು. ಅವನ ದುಃಖ ಮಣ್ಣಿನ ಹಲಗೆಯ ಮೇಲೆ ಉಳಿದು, ಸೊಲ್ಲೆಂಟುನಾದ ಅಡುಗೆಮನೆಗೆ ಬಂತು. ನಾನು ತಟ್ಟೆ ಹತ್ತಿರ ಎಳೆದುಕೊಂಡೆ.

ತಿನ್ನುವುದನ್ನು ನೋಡಿದ ಮೇಲೆ ಅಕ್ಕ ಕೇಳಿದಳು, "ಅವರ ಹೆಸರು ಹೇಳು. ಭಾನುವಾರ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚುತ್ತೇನೆ. ಹೆಸರು ಹೇಳಿ ಹಚ್ಚಬೇಕು."

ನಾನು ಎದ್ದು ಹೋಗಿ ಬಾಗಿಲು ತೆಗೆದು, ಅಂಚೆ ಹಾಕುವ ಕಂಡಿಯ ಮೇಲಿದ್ದ ಫಲಕವನ್ನು ಬೆರಳಿಟ್ಟು ತೋರಿಸಿದೆ. ಇಷ್ಟು ವರ್ಷ ಎದುರಿನಲ್ಲೇ ಇದ್ದರೂ ಅವಳು ಅದನ್ನು ಓದಿರಲಿಲ್ಲ. ಕನ್ನಡಕ ಏರಿಸಿ, ಸ್ವೀಡಿಷ್ ಅಕ್ಷರದಲ್ಲಿದ್ದ ಇವರ ಹೆಸರನ್ನು ತಿರುಚಿ ಓದಿದಳು. ನಾನು ತಿದ್ದಲಿಲ್ಲ. ತಿದ್ದಲು ಹೇಳಬೇಕಿತ್ತಲ್ಲ.

"ನೀನು ಹೇಳುವುದಿಲ್ಲವಾ? ಯಾವತ್ತೂ?"

ನಮ್ಮ ಪದ್ಧತಿಯನ್ನು ನನ್ನ ಮುರುಕು ಸ್ವೀಡಿಷ್‌ನಲ್ಲಿ ವಿವರಿಸಿದೆ. ಅವಳು ಹುಬ್ಬೇರಿಸಿದಳು. "ತಂಗಿ, ನಮ್ಮ ರಾಜರು ವೈರಿಯ ಮೇಲೆ ಬಹಳ ಸಿಟ್ಟು ಬಂದರೆ ಅವನ ಹೆಸರು ಕೆತ್ತಿ ತೆಗೆಯುತ್ತಿದ್ದರು. ನೀನು ಪ್ರೀತಿ ಮಾಡಿ ಅದೇ ಕೆಲಸ ಮಾಡಿದೆಯಲ್ಲ!" ಇಬ್ಬರಿಗೂ ನಗು ಬಂತು. ಸಾವಿನ ಮನೆಯ ಬಾಗಿಲಲ್ಲಿ ನಿಂತು ನಕ್ಕೆವು.

ಇವರ ಬೂದಿಯನ್ನು ಅನುಮತಿ ಪಡೆದು ಸಮುದ್ರಕ್ಕೆ ಬಿಟ್ಟೆವು. ನಮ್ಮವರಿಗೆ ನೀರೇ ಕೊನೆ, ಅದರ ಬಗ್ಗೆ ನನಗೆ ಬೇಸರವಿರಲಿಲ್ಲ. ಆದರೆ ಅಕ್ಕ ಒಂದು ದಿನ ತನ್ನ ಗಂಡನ ಸಮಾಧಿಗೆ ನನ್ನನ್ನು ಕರೆದುಕೊಂಡು ಹೋದಳು. ಹೊಳೆಯುವ ಕರಿಕಲ್ಲಿನ ಮೇಲೆ ಅವರ ಹಳೆಯ ಲಿಪಿಯಲ್ಲೂ ಸ್ವೀಡಿಷ್ ಅಕ್ಷರದಲ್ಲೂ ಹೆಸರು. ಅವಳು ಕಲ್ಲನ್ನು ಒರೆಸಿ, ಗಂಡನ ಹೆಸರು ಹಿಡಿದು ಮಾತಾಡಿಸಿ, ಮಕ್ಕಳ ಮೇಲಿನ ದೂರುಗಳನ್ನೆಲ್ಲ ಹೇಳಿದಳು. ನನಗೆ ಒರೆಸಲು ಒಂದು ಕಲ್ಲೂ ಇಲ್ಲವಲ್ಲ ಎಂದು ಅವತ್ತು ಮೊದಲ ಸಲ ಅನ್ನಿಸಿತು.

ಚಳಿಗಾಲ ಮುಗಿಯುವ ಹೊತ್ತಿಗೆ ಬಾಡಿಗೆ ಕಂಪನಿಯವರು ಬಂದು ಬಾಗಿಲ ಫಲಕ ಬದಲಾಯಿಸಿದರು. ಮನೆ ಈಗ ನನ್ನ ಹೆಸರಿನಲ್ಲಿದೆ, ಹಾಗೇ ಮಾಡಬೇಕು. ಬಂದವನು ಒಳ್ಳೆಯವನು, ಹಳೆಯ ಫಲಕವನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟ. ಅದನ್ನು ದೇವರ ಕಪಾಟಿನಲ್ಲಿಟ್ಟೆ. ಅವತ್ತಿನಿಂದ ಒಂದು ವಿಚಾರ ನನ್ನನ್ನು ಬಿಡಲಿಲ್ಲ. ಮಗಳಿಗೆ ಇವರು ಪಪ್ಪಾ. ಆಫೀಸಿನವರು ಕರೆಯುತ್ತಿದ್ದ ಹೆಸರು ಅರ್ಧವೇ, ಅದೂ ಈಗ ಯಾರ ಬಾಯಲ್ಲೂ ಇಲ್ಲ. ಮಗಳನ್ನು ಬಿಟ್ಟರೆ ಈ ದೇಶದಲ್ಲಿ ಇವರ ಹೆಸರನ್ನು ಸರಿಯಾಗಿ ಹೇಳಬಲ್ಲವಳು ನಾನೊಬ್ಬಳೇ. ನಾನು ಹೇಳುವವಳಲ್ಲ. ಹೆಸರು ಹೇಳುವವರು, ನೀರು ಬಿಡುವವರು ಇಲ್ಲದ ಹಾಗೆ ಆಗಲಿ ಎಂಬ ಶಾಪವನ್ನು ಆ ದೊರೆಗಳು ಯಾರಿಗೆ ಕೊಟ್ಟಿದ್ದರೋ, ಅದು ಬಂದು ನಮ್ಮ ಮನೆಯ ಹೊಸ್ತಿಲಲ್ಲಿ ಕೂತಿತ್ತು.

ಊರಿನಲ್ಲಿ ಮೈದುನ ಎಲ್ಲ ಕರ್ಮಗಳನ್ನೂ ಬಿಡದೆ ಮಾಡುತ್ತಿದ್ದ. ವರ್ಷದ ತಿಥಿ ಹತ್ತಿರ ಬಂದಾಗ ಫೋನು ಮಾಡಿದ.

"ವೈನಿ, ನೀವೇನ್ ಕಾಳಜಿ ಮಾಡಬ್ಯಾಡ್ರಿ. ಭಟ್ರಿಗೆ ಹೇಳೀನಿ. ನಾ ಇಲ್ಲೆ ಎಲ್ಲಾ ಮಾಡ್ತೀನಿ."

"ಇಲ್ಲೆ ನಾ ಏನ್ ಮಾಡಲಿ?"

"ನೀವೇನ್ ಮಾಡೋದದ? ದೇವರಿಗೆ ದೀಪಾ ಹಚ್ಚಿ ನಮಸ್ಕಾರ ಮಾಡ್ರಿ, ಸಾಕು."

ಅವನು ಪ್ರೀತಿಯಿಂದಲೇ ಹೇಳಿದ. ನಾನು ಹೂಂ ಎಂದೆ.

ಅದಕ್ಕೂ ಮುಂಚೆ, ಏಪ್ರಿಲ್ ಮೊದಲ ದಿನ, ಅಕ್ಕ ನನ್ನನ್ನು ಸೋದರ್ತೇಲಿಯೆ ಎಂಬ ಊರಿಗೆ ಕರೆದುಕೊಂಡು ಹೋದಳು. ನಮ್ಮ ಸ್ಟೇಷನ್ನಿನಿಂದ ಹೊರಡುವ ಲೋಕಲ್ ರೈಲಿನಲ್ಲೇ ಕೊನೆಯ ತನಕ ಕೂತರೆ ಆ ಊರು. ಅವರ ಜನ ಬಹಳ ಇದ್ದಾರೆ ಅಲ್ಲಿ. ಅವತ್ತು ಅವರ ಹೊಸ ವರ್ಷ, ಅಕಿತು. ಬಾಬಿಲೋನಿನ, ನಿನೆವೆಯ ಕಾಲದಿಂದ ಬಂದ ಹಬ್ಬ. ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. ವರ್ಷ ತುಂಬುವ ತನಕ ನಮಗೆ ಹಬ್ಬವಿಲ್ಲ ಎಂದು ಹೇಳಿ ನೋಡಿದೆ. "ನಿನಗೆ ಯಾರು ಸಿಹಿ ತಿನ್ನಿಸುತ್ತಾರೆ? ಮೂಲೆಯಲ್ಲಿ ಕೂತು ನೋಡು. ನಿನ್ನ ಗಂಡನಿಗೆ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಅವರ ಪರವಾಗಿ ಬಾ" ಎಂದಳು.

ದೊಡ್ಡದೊಂದು ಸಭಾಂಗಣ. ಡೋಲು, ಊದುವ ವಾದ್ಯ, ಕೈ ಕೈ ಹಿಡಿದು ಕುಣಿಯುವ ಸಾಲು. ಬಾಗಿಲಲ್ಲೇ ಒಬ್ಬ ಅಸಿರಿಯಾದ ದೊರೆ ಎದುರಾದ. ಉದ್ದನೆಯ ಗುಂಗುರು ಗಡ್ಡ, ರಟ್ಟಿನ ಕಿರೀಟ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಷೂ. ಗಡ್ಡವನ್ನು ಒಂದು ಕಡೆ ಸರಿಸಿ ಫೋನಿನಲ್ಲಿ ಮಾತಾಡುತ್ತಿದ್ದ. ಅಕ್ಕ ಅವನ ಕಿರೀಟವನ್ನು ನೆಟ್ಟಗೆ ಮಾಡಿ, "ರಾಜ ಅಂದರೆ ಗೂನು ಬೆನ್ನು ಮಾಡಿ ನಿಲ್ಲಬಾರದು" ಎಂದು ಗದರಿದಳು. ಅವನು ಬೆನ್ನು ನೆಟ್ಟಗೆ ಮಾಡಿದ.

ನಾನು ಮೂಲೆಯಲ್ಲಿ ಕೂತೆ. ಮೈಕಿನವರು ಕಳೆದುಹೋದ ಮಕ್ಕಳ ಹೆಸರು ಕೂಗತೊಡಗಿದರು. ಕುಣಿತದ ಗದ್ದಲದಲ್ಲಿ ಬಹಳ ಮಕ್ಕಳು ಅಪ್ಪ ಅಮ್ಮಂದಿರಿಂದ ತಪ್ಪಿಸಿಕೊಂಡಿದ್ದವು. ಸಾರ್ಗೋನ್ ವೇದಿಕೆಯ ಹತ್ತಿರ ಬರಬೇಕು. ನಿನೆವೆಯ ಹೆಸರಿಟ್ಟ ಹುಡುಗಿ ನೀನ್ವೆ ತನ್ನ ಚೀಲ ಬಿಟ್ಟುಹೋಗಿದ್ದಾಳೆ. ಅಶ್ಶೂರನ ಅಮ್ಮ ಕಾಯುತ್ತಿದ್ದಾಳೆ. ಅರಮನೆ ಬಿದ್ದು ಎಷ್ಟು ಕಾಲವಾಯಿತು. ಕಲ್ಲುಗಳು ಬೇರೆ ಬೇರೆ ದೇಶದ ಮ್ಯೂಸಿಯಂಗಳಿಗೆ ಹೋದವು. ಭಾಷೆ ಬದಲಾಯಿತು, ದೇವರು ಬದಲಾದ, ದೇಶವೇ ಹೋಯಿತು. ಈ ಜನರ ಬಾಯಿಗೆ ಈ ಹೆಸರುಗಳು ಬಂದ ದಾರಿ ಯಾವುದೋ ನನಗೆ ತಿಳಿಯದು. ನಡುವೆ ಮರೆತಿದ್ದರೋ, ಪುಸ್ತಕದಿಂದ ಮತ್ತೆ ಎತ್ತಿಕೊಂಡರೋ. ಎತ್ತಿಕೊಂಡರು, ಅದು ಮುಖ್ಯ. ಕಲ್ಲಿನ ಮೇಲೆ ಕೆತ್ತಿದ್ದು ಮ್ಯೂಸಿಯಂನಲ್ಲಿ ಸುಮ್ಮನೆ ನಿಂತಿತ್ತು. ಇಲ್ಲಿ ಅದು ಬಾಯಿಂದ ಬಾಯಿಗೆ ಹೋಗುತ್ತಿತ್ತು, ತಾಯಂದಿರ ಸಿಟ್ಟಿನಲ್ಲಿ, ಅಜ್ಜಿಯಂದಿರ ಗಾಬರಿಯಲ್ಲಿ. ಆ ದೊರೆಗಳು ಕೇಳಿದ್ದು ಇಷ್ಟನ್ನೇ. ಸಿಕ್ಕಿದೆ ಅವರಿಗೆ. ಇವರು ಇದ್ದಿದ್ದರೆ ಎಷ್ಟು ಖುಷಿ ಪಡುತ್ತಿದ್ದರು ಎಂದು ಅಕ್ಕನಿಗೆ ಹೇಳಹೋದೆ. "ಇವರು" ಎಂದು ಶುರುಮಾಡಿ ನಿಂತೆ. ಅಲ್ಲಿದ್ದ ಅಷ್ಟು ಹೆಸರುಗಳ ನಡುವೆ ನನ್ನ ಹತ್ತಿರ ಇದ್ದದ್ದು ಅದೊಂದು ಶಬ್ದ.

ತಿಥಿಯ ದಿನಕ್ಕೆ ಲುಂಡ್‌ನಲ್ಲಿ ಓದುತ್ತಿರುವ ಮಗಳು ರೈಲಿನಲ್ಲಿ ಬಂದಳು. ಬೆಳಿಗ್ಗೆ ಮೈದುನ ಗದಗಿನಲ್ಲಿ ಕೂತು ಮಾಡಿದ ಕರ್ಮವನ್ನು ಫೋನಿನಲ್ಲಿ ನೋಡಿದೆವು. ಭಟ್ಟರು ಇವರ ಹೆಸರು ಹೇಳಿದಾಗ ಮಗಳು ನನ್ನ ಮುಖ ನೋಡಿದಳು. ಆಮೇಲೆ ನಾನು ಇವರಿಗೆ ಇಷ್ಟವಾದ ಅಡುಗೆ ಮಾಡಿದೆ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಪುಡಿ, ಗೋಧಿ ಹುಗ್ಗಿ.

"ಅಮ್ಮ, ನಾವಿಬ್ರೂ ನೀರು ಬಿಡೋಣ" ಎಂದಳು ಮಗಳು. "ಹುಡುಗೀರು ಬಿಡಬಾರ್ದು ಅಂತ ಹೇಳ್ಬೇಡ ಪ್ಲೀಸ್. ಪಪ್ಪಾಗೆ ಯಾರು ಬಿಟ್ರೂ ಓಕೆ ಇರ್ತಿತ್ತು."

"ನಾ ಎಲ್ಲಿ ಬ್ಯಾಡ ಅಂದೆ" ಎಂದೆ.

ಬಾಗಿಲು ತೆಗೆದರೆ ಎದುರು ಬಾಗಿಲಲ್ಲಿ ಅಕ್ಕ ಕಪ್ಪು ಕೋಟು ಹಾಕಿಕೊಂಡು, ಕಹಿ ಕಾಫಿಯ ಫ್ಲಾಸ್ಕು ಹಿಡಿದು ನಿಂತಿದ್ದಳು. ಯಾರೂ ಕರೆದಿರಲಿಲ್ಲ. ಮೂವರೂ ನಡೆದುಕೊಂಡು ಎಡ್ಸ್‌ವಿಕೆನ್ ದಂಡೆಗೆ ಹೋದೆವು. ಅದು ಸಮುದ್ರದ್ದೇ ಒಂದು ಚಾಚು, ಇವರ ಬೂದಿ ಬಿಟ್ಟ ನೀರಿಗೆ ಎಲ್ಲೋ ಸೇರಿಕೊಳ್ಳುತ್ತದೆ. ದಂಡೆಯ ಹತ್ತಿರ ಲೈಲಾಕ್ ಹೂವು ಬಿಟ್ಟಿತ್ತು. ಒಬ್ಬ ಗಂಡಸು ನಾಯಿಗೆ ಈಜು ಕಲಿಸುತ್ತಿದ್ದ. ಅವನು ದೂರ ಹೋಗುವ ತನಕ ನಾವು ಬೆಂಚಿನ ಮೇಲೆ ಕೂತು ಕಾಫಿ ಕುಡಿದೆವು.

ಚಪ್ಪಲಿ ಬಿಟ್ಟು ನೀರಿಗೆ ಇಳಿದೆ. ಮೇ ತಿಂಗಳೆಂದರೂ ಎಲುಬು ಕೊರೆಯುವ ನೀರು. ಬಾಳೆ ಎಲೆ ಸಿಕ್ಕಿರಲಿಲ್ಲ. ಅಡುಗೆಯನ್ನು ಒಂದು ದೊಡ್ಡ ಎಲೆಕೋಸಿನ ಎಸಳಿನ ಮೇಲೆ ಬಡಿಸಿ ದಂಡೆಯ ಕಲ್ಲಿನ ಮೇಲಿಟ್ಟಿದ್ದೆವು. ಮಗಳು ನನ್ನ ಬೊಗಸೆಗೆ ಚೊಂಬಿನಿಂದ ಎಳ್ಳು ನೀರು ಹಾಕಿದಳು.

"ಹೆಸರು ಹೇಳಬೇಕಲ್ಲ ಅಮ್ಮ" ಎಂದಳು. "ನಾನು ಹೇಳ್ಲಾ, ನೀನು ಹೇಳ್ತೀಯಾ?"

ಬೆರಳ ಸಂದಿಯಿಂದ ನೀರು ಸೋರುತ್ತಿತ್ತು. ಬರೀ ಹೆಸರು ನನ್ನ ಬಾಯಿಗೆ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅದಕ್ಕೆ ಮನೆಯಲ್ಲಿ ರೊಟ್ಟಿ ಬಡಿಯುವಾಗಲೇ ಎರಡು ಸಾಲು ಕಟ್ಟಿಕೊಂಡು ಬಂದಿದ್ದೆ. ಹೊಸ್ತಿಲಲ್ಲಿ ನಿಂತ ಹಾಗೆಯೇ ನಿಂತೆ. ಬಾಯಿಗೆ ಸೆರಗು ಮಾತ್ರ ಇರಲಿಲ್ಲ, ಎರಡೂ ಕೈಯಲ್ಲಿ ನೀರಿತ್ತು.

"ಕಲ್ಲಾಗ ಹೆಸರು ಕೊರಸ್ಯಾನ ನಿನೆವೆಯ ದೊರಿ,
ನೀರಾಗ ನಿಂತು ಕರೀತೀನಿ ನಮ್ಮನಿ ದೊರಿ..."

ಅದರ ತುದಿಗೆ ಇವರ ಹೆಸರು ಹೇಳಿದೆ. ಪೂರ್ತಿ ಹೆಸರು. ಸಣ್ಣಗೆ ಹೇಳಿದೆ ಎಂದು ನನಗೇ ಅನ್ನಿಸಿತು. ಕೇಳಸ್ಲಿಲ್ಲ, ಓಣಿಗೆ ಕೇಳಬೇಕು ಎಂದು ಯಾರೋ ಅಂದ ಹಾಗಾಯಿತು. ಅಂದವರು ಯಾರೂ ಇರಲಿಲ್ಲ. ಬೊಗಸೆಯ ನೀರು ಬಿಟ್ಟು, ಎದುರು ಮನೆಯ ಅಕ್ಕ ಕಿಟಕಿಯಿಂದ ಕೂಗುವ ಹಾಗೆ, ಆಚೆ ದಂಡೆಯ ಮನೆಗಳಿಗೆ ಮುಟ್ಟುವ ಹಾಗೆ ಇನ್ನೊಮ್ಮೆ ಇವರ ಹೆಸರು ಕೂಗಿ, "ಊಟಕ್ಕ ಬರ್ರಿ!" ಎಂದೆ.

ದೂರದಲ್ಲಿ ನಾಯಿಯೊಡನೆ ಇದ್ದ ಗಂಡಸು ತಿರುಗಿ ನೋಡಿದ. ಅಕ್ಕ ಫ್ಲಾಸ್ಕನ್ನು ಬಗಲಲ್ಲಿ ಇರುಕಿಕೊಂಡು, ನಾನು ಹೇಳಿದ ಹೆಸರನ್ನು ಒಂದೊಂದೇ ಅಕ್ಷರವಾಗಿ ತನ್ನ ಬಾಯಲ್ಲಿ ಹೇಳಿ ನೋಡಿಕೊಳ್ಳುತ್ತಿದ್ದಳು. ಈ ಸಲ ಸರಿಯಾಗಿ ಬರುತ್ತಿತ್ತು. ಭಾನುವಾರ ಮೇಣದ ಬತ್ತಿ ಹಚ್ಚುವಾಗ ಬೇಕಾಗುತ್ತದೆ ಎಂದಳು.